ಡೀಬಗ್ ಆಫ್ ಮಾಡಿದರೆ ಸಾಯುವ ಟಚ್: ಒಂದು ಲಿನಕ್ಸ್ ಡ್ರೈವರ್‌ನ ಲಾಗ್ ಮತ್ತು ಶೈಲಿಯ ರಿಪೇರಿ

ಕೈಗೆತ್ತಿಕೊಂಡಿರುವುದು ಐ2ಸಿ ಬಸ್ಸಿನ (ಚಿಪ್‌ಗಳು ಮಾತಾಡುವ ಎರಡು ತಂತಿಯ ಹಾದಿ) ಮೇಲೆ ಕೂರುವ ಟಚ್ ಕಂಟ್ರೋಲರ್‌ನ ಡ್ರೈವರ್. ಒಂದೇ ಸಿ ಫೈಲ್, ಸಾವಿರಕ್ಕೆ ಸ್ವಲ್ಪ ಮೇಲೆ ಸಾಲುಗಳು. ಬೋರ್ಡ್ ಜೊತೆ ಕೊಡುವ ಸಾಫ್ಟ್‌ವೇರ್ ಕಟ್ಟು, ಅಂದರೆ ಬಿಎಸ್‌ಪಿಯಲ್ಲಿ ಬಂದದ್ದು, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮುಖ್ಯ ಕೋಡ್ ಮರಕ್ಕೆ ಸೇರಿದ್ದಲ್ಲ. ಬೋರ್ಡ್ ಎಆರ್‌ಎಂ, ಕರ್ನಲ್ ಲಿನಕ್ಸ್ 6.6 ಎಲ್‌ಟಿಎಸ್, ಕನ್ಸೋಲ್ 115200 ಬಾಡ್ ಸೀರಿಯಲ್. ಬೆಂಗಳೂರಿನ ಎಂಬೆಡೆಡ್ ತಂಡಗಳಲ್ಲಿ ಬೋರ್ಡ್ ಎಬ್ಬಿಸುವ ಕೆಲಸ ಮಾಡುವವರು ಇಂಥ ಫೈಲನ್ನು ದಿನಾ ತೆರೆಯುತ್ತಾರೆ.

ದೂರು ಮೂರು. ಮೊದಲ ಸ್ಪರ್ಶ ದಾಖಲಾಗುತ್ತದೆ, ಆಮೇಲೆ ಟಚ್ ಸತ್ತುಹೋಗುತ್ತದೆ. ನಿದ್ರೆಯಿಂದ ಎಬ್ಬಿಸಿದಾಗ ಟಚ್ ಸ್ಪಂದಿಸಲು ಹಲವು ಸೆಕೆಂಡು ಹಿಡಿಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಬೂಟ್ ಆಗುವಾಗ ಪ್ರೋಬ್ (ಡ್ರೈವರ್ ಚಿಪ್ಪನ್ನು ಹುಡುಕಿ ಸಜ್ಜುಗೊಳಿಸುವ ಹಂತ) ಸೋತು -6, ಅಂದರೆ ಅಂಥ ಸಾಧನವಿಲ್ಲ ಎನ್ನುವ ಇಎನ್‌ಎಕ್ಸ್‌ಐಒ ಬರುತ್ತದೆ. ಮೂರೂ ಗ್ರಾಹಕರಿಗೆ ಹೋಗುವ ಇಮೇಜಿನಲ್ಲಿ ಮಾತ್ರ. ಡೆವಲಪರ್ ಇಮೇಜಿನಲ್ಲಿ ಒಂದೂ ಕಾಣುವುದಿಲ್ಲ. ಎರಡು ಇಮೇಜುಗಳ ನಡುವಿನ ವ್ಯತ್ಯಾಸ ಇಷ್ಟೇ: ಟಿಎಸ್_ಡೀಬಗ್ ಎಂಬ ಮಾಡ್ಯೂಲ್ ಪ್ಯಾರಾಮೀಟರ್ ಡೆವಲಪರ್ ಇಮೇಜಿನಲ್ಲಿ 1, ಗ್ರಾಹಕರದ್ದರಲ್ಲಿ 0.

ರಿವ್ಯೂ ಮಾಡುವಾಗ ಲಾಕಿಂಗ್ ನೋಡುತ್ತೇವೆ, ಮೆಮೊರಿ ಬಿಡುಗಡೆ ನೋಡುತ್ತೇವೆ, ಲಾಗ್ ಸಾಲು ಬಂದರೆ ಕಣ್ಣು ಹಾರಿಸಿ ಮುಂದಕ್ಕೆ ಹೋಗುತ್ತೇವೆ. ಅದೂ ಕೋಡೇ. ಅದರ ಆರ್ಗ್ಯುಮೆಂಟುಗಳು (ಆವರಣದೊಳಗೆ ಕೊಟ್ಟವು) ಓಡುತ್ತವೆ, ಅದು ಸಮಯ ತಿನ್ನುತ್ತದೆ, ಮ್ಯಾಕ್ರೊ (ಕಂಪೈಲ್‌ಗೆ ಮುಂಚೆ ಪಠ್ಯವಾಗಿ ಬಿಚ್ಚಿಕೊಳ್ಳುವ ಕಿರುಹೆಸರು) ಆಗಿದ್ದರೆ ಅಕ್ಕಪಕ್ಕದ ಸಾಲುಗಳ ಅರ್ಥವನ್ನೇ ತಿರುಚುತ್ತದೆ. ಈ ಡ್ರೈವರ್‌ನಲ್ಲಿ ಮೂರೂ ಆಗಿದೆ, ದೂರಿಗೊಂದರಂತೆ. ಲಾಗ್ ಇದ್ದರೂ ಇಲ್ಲದಿದ್ದರೂ ಡ್ರೈವರ್ ಒಂದೇ ರೀತಿ ನಡೆಯಬೇಕು. ರಿಪೇರಿಯ ಉದ್ದಕ್ಕೂ ಹಿಡಿದ ಅಳತೆಗೋಲು ಇದೇ.

ಮುಟ್ಟುವ ಮುಂಚೆ

ಬಂದ ಸ್ಥಿತಿಯಲ್ಲೇ ಒಂದು ಗಿಟ್ ಟ್ಯಾಗ್ ಹಾಕಿ. ಅದೇ ಸ್ಥಿತಿಯ ಆಬ್ಜೆಕ್ಟ್ ಫೈಲನ್ನು ಬೇರೆ ಕಡೆ ಎತ್ತಿಡಿ. ಕೊನೆಯಲ್ಲಿ ಹೋಲಿಸಲು ಬೇಕು.

ಆಮೇಲೆ ಮೇಕ್‌ಫೈಲ್. ಇದರಲ್ಲಿ ಸಿಸಿಫ್ಲಾಗ್ಸ್-ವೈ ಸಾಲಿಗೆ -ಡಬ್ಲ್ಯೂ ಎಂದು ಸಣ್ಣಕ್ಷರದಲ್ಲಿ ಸೇರಿಸಿದೆ. ಕಂಪೈಲರ್‌ನ ಎಲ್ಲ ಎಚ್ಚರಿಕೆಗಳ ಬಾಯಿಗೂ ಅದು ಬಟ್ಟೆ ತುರುಕುತ್ತದೆ. ಪಕ್ಕದಲ್ಲೇ ಡೀಬಗ್ ಎಂಬ ಹೆಸರಿಗೆ ವ್ಯಾಖ್ಯೆ ಕೊಡುವ -ಡಿಡೀಬಗ್ ಕೂಡ ಇದೆ. ಮೊದಲನೆಯದನ್ನು ತಕ್ಷಣ ತೆಗೆಯಿರಿ. ಎರಡನೆಯದು ಸದ್ಯಕ್ಕೆ ಇರಲಿ, ಅದಕ್ಕೆ ಮುಂದೆ ಸರದಿ ಬರುತ್ತದೆ. ಈಗ ಹೆಚ್ಚುವರಿ ಎಚ್ಚರಿಕೆಗಳಿಗೆ ಡಬ್ಲ್ಯೂ=1 ಕೊಟ್ಟು ಒಮ್ಮೆ, ಸಿ=1 ಕೊಟ್ಟು ಸ್ಪಾರ್ಸ್ ಎಂಬ ಕೋಡ್ ಪರೀಕ್ಷಕದ ಜೊತೆ ಮತ್ತೊಮ್ಮೆ ಬಿಲ್ಡ್ ಮಾಡಿ, ಬಂದದ್ದನ್ನೆಲ್ಲ ಫೈಲಿಗೆ ಉಳಿಸಿ. ಕರ್ನಲ್‌ನ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಅನ್ನು ಸ್ಟ್ರಿಕ್ಟ್ ಮತ್ತು ಎಫ್ ಆಯ್ಕೆಗಳೊಂದಿಗೆ ಓಡಿಸಿ. ಫೈಲ್ ಕರ್ನಲ್ ಮರದ ಹೊರಗಿದ್ದರೆ ನೋ-ಟ್ರೀ ಕೂಡ ಬೇಕು. ಅದು ನೂರಾರು ಸಾಲು ಕಕ್ಕುತ್ತದೆ. ಅದನ್ನು ನೋಡಿ ಸ್ಪೇಸ್ ಅಳಿಸಿ ಟ್ಯಾಬ್ ಹಾಕಲು ಶುರು ಮಾಡಬೇಡಿ. ಶೈಲಿಯ ಕೆಲಸ ಕೊನೆಗೆ.

ಕರ್ನಲ್ ಕಾನ್ಫಿಗ್‌ನಲ್ಲಿ ನಾಲ್ಕು ಸಂಗತಿ ಆನ್ ಇರಲಿ: ಡೈನಾಮಿಕ್_ಡೀಬಗ್ (ಡೀಬಗ್ ಸಾಲುಗಳನ್ನು ಓಡುವಾಗಲೇ ಆನ್-ಆಫ್ ಮಾಡಲು), ಡೀಬಗ್_ಎಫ್‌ಎಸ್ (ಕರ್ನಲ್‌ನ ಒಳಸ್ಥಿತಿ ತೋರಿಸುವ ಫೈಲುಗಳಿಗೆ), ಡೀಬಗ್_ಅಟಾಮಿಕ್_ಸ್ಲೀಪ್ (ನಿದ್ರೆ ಸಲ್ಲದ ಜಾಗದಲ್ಲಿ ನಿದ್ರಿಸುವ ಕೋಡ್ ಹಿಡಿಯಲು), ಪ್ರಿಂಟ್‌ಕೆ_ಕಾಲರ್. ಕೊನೆಯದು ಪ್ರತಿ ಲಾಗ್ ಸಾಲಿನ ಮುಂದೆ ಅದನ್ನು ಬರೆದ ಥ್ರೆಡ್ ಅಥವಾ ಸಿಪಿಯು ಸಂಖ್ಯೆಯನ್ನು ಟಿ ಅಥವಾ ಸಿ ಅಕ್ಷರದೊಂದಿಗೆ ತೋರಿಸುತ್ತದೆ. ಇಂಟರಪ್ಟ್ (ಚಿಪ್ ಸಿಪಿಯುವಿಗೆ ಕೊಡುವ ಕರೆ) ಥ್ರೆಡ್ಡಿನ ಸಾಲು ಯಾವುದು, ನಿದ್ರೆಯಿಂದ ಏಳುವ ರಿಸ್ಯೂಮ್ ಹಾದಿಯ ಸಾಲು ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಮ್ಯಾಕ್ರೊ

-ಡಬ್ಲ್ಯೂ ತೆಗೆದ ಕೂಡಲೇ ಜಿಸಿಸಿ ಕಂಪೈಲರ್‌ನ ಮೊದಲ ಎಚ್ಚರಿಕೆ ಡ್ಯಾಂಗ್ಲಿಂಗ್-ಎಲ್ಸ್ (ಎಲ್ಸ್ ಯಾವ ಇಫ್‌ಗೆ ಸೇರಿದ್ದೆಂಬ ಗೊಂದಲ). ಬೆರಳು ತೋರಿಸುವುದು ಟಿಎಸ್_ಡಿಬಿಜಿ ಎಂಬ ಮ್ಯಾಕ್ರೊ ಕಡೆಗೆ. ಅದರ ಒಡಲು ಇಷ್ಟೇ: ಟಿಎಸ್_ಡೀಬಗ್ ಸೊನ್ನೆಯಲ್ಲದಿದ್ದರೆ ಕರ್ನಲ್ ಲಾಗಿಗೆ ಬರೆಯುವ ಪ್ರಿಂಟ್‌ಕೆ ಕರೆ. ಸುತ್ತ ಡು-ವೈಲ್ ಇಲ್ಲ, ಬ್ರೇಸ್ ಇಲ್ಲ. ರಿಸ್ಯೂಮ್ ಫಂಕ್ಷನ್ನಿನಲ್ಲಿ ಇದನ್ನು ಬಳಸಿದ್ದು ಹೀಗೆ (ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ):

    ಇಫ್ (ಆವೃತ್ತಿ == ಬೇಕಾದ_ಆವೃತ್ತಿ)
            ಟಿಎಸ್_ಡಿಬಿಜಿ("ಫರ್ಮ್‌ವೇರ್ ಸರಿಯಿದೆ");
    ಎಲ್ಸ್
            ಟಿಎಸ್_ಫರ್ಮ್‌ವೇರ್_ತುಂಬು(ಟಿಎಸ್);

ಓದಿದರೆ ಎಲ್ಲವೂ ಸರಿಯಾಗಿದೆ. ಮ್ಯಾಕ್ರೊ ಬಿಚ್ಚಿಕೊಂಡಾಗ ಮಾತ್ರ ಎಲ್ಸ್ ಹೋಗಿ ಒಳಗಿನ ಇಫ್‌ಗೆ ಅಂಟಿಕೊಳ್ಳುತ್ತದೆ. ಡೀಬಗ್ 0 ಇದ್ದು ಆವೃತ್ತಿ ಸರಿಯಿದ್ದರೆ, ಪ್ರತಿ ಸಲ ಎದ್ದಾಗಲೂ ಇಡೀ ಫರ್ಮ್‌ವೇರನ್ನು (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಐ2ಸಿ ಮೂಲಕ ಮತ್ತೆ ತುಂಬುತ್ತದೆ. ಎರಡನೇ ದೂರಿನ ಆ ಸೆಕೆಂಡುಗಳು ಇಲ್ಲಿ ಹೋಗುತ್ತಿದ್ದವು. ಇದಕ್ಕಿಂತ ಅಪಾಯದ್ದು ಇನ್ನೊಂದು ಬದಿ: ಆವೃತ್ತಿ ನಿಜವಾಗಿ ತಪ್ಪಿದ್ದರೆ ಫರ್ಮ್‌ವೇರ್ ತುಂಬುವುದೇ ಇಲ್ಲ, ಡೀಬಗ್ ಆನ್ ಇದ್ದರೂ ಇಲ್ಲ. ಆ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ಹಳೆಯ ಫರ್ಮ್‌ವೇರ್ ಇದ್ದ ಚಿಪ್ ಇನ್ನೂ ಯಾರ ಕೈಗೂ ಹೋಗಿಲ್ಲ ಎಂದಷ್ಟೇ ಅರ್ಥ.

ಮ್ಯಾಕ್ರೊಗೆ ಡು-ವೈಲ್(0), ಅಂದರೆ ಒಂದೇ ಸಲ ಓಡುವ ಲೂಪ್ ಸುತ್ತಿದರೆ ಈ ತೊಂದರೆ ಹೋಗುತ್ತದೆ. ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆ ಒಂದಕ್ಕಿಂತ ಹೆಚ್ಚು ಸ್ಟೇಟ್‌ಮೆಂಟ್ ಇರುವ ಮ್ಯಾಕ್ರೊಗಳಿಗೆ ಹೇಳುವ ಮದ್ದೂ ಅದೇ. ಹಳೆಯ ಶಾಖೆಗಳಿಗೆ ಕಳಿಸುವ ತುರ್ತು ಪ್ಯಾಚ್‌ನಲ್ಲಿ ಅಷ್ಟೇ ಮಾಡಿ. ಮುಖ್ಯ ಶಾಖೆಯಲ್ಲಿ ಮಾತ್ರ ಮ್ಯಾಕ್ರೊವನ್ನೇ ಬೇರುಸಹಿತ ಕೀಳಬೇಕು. ಪ್ರತಿ ಡ್ರೈವರ್ ತನ್ನದೇ ಡೀಬಗ್ ಮ್ಯಾಕ್ರೊ, ತನ್ನದೇ ಪ್ಯಾರಾಮೀಟರ್ ಕಟ್ಟಿಕೊಂಡರೆ ಫೀಲ್ಡಿನಲ್ಲಿ ಇರುವವರು ಡ್ರೈವರಿಗೊಂದು ಭಾಷೆ ಕಲಿಯಬೇಕಾಗುತ್ತದೆ. ಕರ್ನಲ್ ಇದನ್ನು ಆಗಲೇ ಬಗೆಹರಿಸಿ ಇಟ್ಟಿದೆ.

ಡಿವೈಸ್ ಪಾಯಿಂಟರ್ ಸಿಗುವ ಕಡೆಯೆಲ್ಲ ಡೆವ್_ಡಿಬಿಜಿ. ಇದು ಡ್ರೈವರ್ ಹೆಸರನ್ನೂ 1-0038 ಥರದ ಬಸ್ ಸಂಖ್ಯೆ ಮತ್ತು ವಿಳಾಸವನ್ನೂ ತಾನೇ ಮುಂದೆ ಸೇರಿಸುತ್ತದೆ. ಎರಡು ಪ್ಯಾನೆಲ್ ಇರುವ ಬೋರ್ಡಿನಲ್ಲಿ ಯಾವ ಚಿಪ್ ಅಳುತ್ತಿದೆ ಎಂದು ತಿಳಿಯಲು ಇದೇ ನೇರ ದಾರಿ. ಡಿವೈಸ್ ಇನ್ನೂ ಹುಟ್ಟಿರದ ಮಾಡ್ಯೂಲ್ ಇನಿಟ್‌ನಂಥ ಜಾಗದಲ್ಲಿ ಮಾತ್ರ ಪಿಆರ್_ಡೀಬಗ್. ಅದಕ್ಕೆ ಪಿಆರ್_ಎಫ್‌ಎಂಟಿ ವ್ಯಾಖ್ಯೆ ಕೊಡುವುದಾದರೆ ಎಲ್ಲ ಇನ್‌ಕ್ಲೂಡ್ ಸಾಲುಗಳಿಗಿಂತ ಮೇಲೆ ಬರೆಯಿರಿ. ಕೆಳಗೆ ಬರೆದರೆ ಹೆಡರ್ ಅಷ್ಟರಲ್ಲಿ ತನ್ನ ಖಾಲಿ ವ್ಯಾಖ್ಯೆ ಕೊಟ್ಟಾಗಿರುತ್ತದೆ, ಕಂಪೈಲರ್ ಮರುವ್ಯಾಖ್ಯೆ ಎಂದು ತಗಾದೆ ತೆಗೆಯುತ್ತದೆ.

ಈ ಬದಲಾವಣೆಗೆ ಪಠ್ಯ ಹುಡುಕಿ ಬದಲಿಸುವ ಸೆಡ್ ಸಾಲದು. ಪ್ರೋಬ್‌ನ ಆರಂಭದಲ್ಲಿ ಟಿಎಸ್ ಸ್ಟ್ರಕ್ಚರ್‌ಗೆ ಇನ್ನೂ ಮೆಮೊರಿ ಸಿಕ್ಕಿರುವುದಿಲ್ಲ. ಅಲ್ಲಿ ಟಿಎಸ್ ಮೂಲಕ ಡಿವೈಸ್ ಹಿಡಿಯಲು ಹೋದರೆ ನಲ್ ಪಾಯಿಂಟರ್ ಹೊಡೆತ, ಅದೂ ಡೀಬಗ್ ಆನ್ ಮಾಡಿದಾಗ ಮಾತ್ರ. ಅಂಥ ಕಡೆ ಕ್ಲೈಂಟ್‌ನ ಡಿವೈಸನ್ನೇ ಕೊಡಬೇಕು. ಸಿ ಕೋಡನ್ನು ನಮೂನೆ ನೋಡಿ ಬದಲಿಸುವ ಕೋಕಿನೆಲ್ ಬರುವವರು ಸೆಮ್ಯಾಂಟಿಕ್ ಪ್ಯಾಚ್ ಬರೆದರೆ ಹಲವು ಸಾಲಿಗೆ ಹರಡಿದ ಕರೆಗಳೂ ಸಿಗುತ್ತವೆ. ಬರದವರು ಒಂದೊಂದಾಗಿ ಕೈಯಲ್ಲಿ ಮಾಡಿದರೂ ನಷ್ಟವಿಲ್ಲ, ಹೇಗೂ ಪ್ರತಿ ಸಾಲನ್ನೂ ಓದಲೇಬೇಕು.

ಆರ್ಗ್ಯುಮೆಂಟಿನೊಳಗೆ ಅಡಗಿದ್ದ ರೀಡ್

ಇನ್ನು ಮೊದಲ ದೂರು. ಚಿಪ್‌ಗೆ ಸ್ಪರ್ಶ ಸಿಕ್ಕಾಗ ಅದು ಇಂಟರಪ್ಟ್ ಗೆರೆಯನ್ನು ಕೆಳಕ್ಕೆ ಎಳೆಯುತ್ತದೆ. ಸ್ಟೇಟಸ್ ರಿಜಿಸ್ಟರನ್ನು ಯಾರಾದರೂ ಓದುವ ತನಕ ಕೆಳಗೇ ಹಿಡಿದಿರುತ್ತದೆ. ಓದಿದರೆ ಸ್ಟೇಟಸ್ ಅಳಿಸಿ ಗೆರೆಯನ್ನು ಬಿಡುತ್ತದೆ. ಡ್ರೈವರ್ ಇಂಟರಪ್ಟನ್ನು ಫಾಲಿಂಗ್ ಎಡ್ಜ್‌ಗೆ, ಅಂದರೆ ಗೆರೆ ಕೆಳಕ್ಕೆ ಬೀಳುವ ಕ್ಷಣಕ್ಕೆ ಕಟ್ಟಿದೆ. ಥ್ರೆಡ್ ಹ್ಯಾಂಡ್ಲರ್ ಬಿಂದುಗಳ ಡೇಟಾವನ್ನು ಒಂದೇ ಬ್ಲಾಕ್ ಆಗಿ ಓದಿ ಇನ್‌ಪುಟ್ ಪದರಕ್ಕೆ ಒಪ್ಪಿಸುತ್ತದೆ. ಅಷ್ಟೇ. ಸ್ಟೇಟಸ್ ರಿಜಿಸ್ಟರನ್ನು ಓದುವ ಕರೆ ಇಡೀ ಹ್ಯಾಂಡ್ಲರ್‌ನಲ್ಲಿ ಒಂದೇ ಕಡೆ ಇದೆ: ಡೀಬಗ್ ಸಾಲಿನ ಆರ್ಗ್ಯುಮೆಂಟಿನಲ್ಲಿ, ಸ್ಟೇಟಸ್ ಮೌಲ್ಯವನ್ನು ಮುದ್ರಿಸಲು.

ಡೀಬಗ್ 0 ಆದಾಗ ಆ ರೀಡ್ ನಡೆಯುವುದಿಲ್ಲ, ಗೆರೆ ಕೆಳಗೇ ಉಳಿಯುತ್ತದೆ. ಕೆಳಗೇ ಇರುವ ಗೆರೆ ಮತ್ತೆ ಬೀಳುವುದೆಲ್ಲಿಂದ? ಹೊಸ ಎಡ್ಜ್ ಬರುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಪ್ರೋಕ್‌ನ ಇಂಟರಪ್ಟ್ಸ್ ಫೈಲ್ ನೋಡಿ, ಈ ಇಂಟರಪ್ಟಿನ ಎಣಿಕೆ ಒಂದು ಸಲ ಏರಿ ಅಲ್ಲೇ ನಿಂತಿರುತ್ತದೆ. ಡೀಬಗ್‌ಎಫ್‌ಎಸ್‌ನ ಜಿಪಿಐಒ ಫೈಲಿನಲ್ಲಿ ಅದೇ ಪಿನ್ ಲೋ ಎಂದು ತೋರಿಸುತ್ತಿರುತ್ತದೆ. ಆಸಿಲೋಸ್ಕೋಪ್ ಬೇಕಾಗುವುದಿಲ್ಲ.

ಮ್ಯಾಕ್ರೊ ಕಿತ್ತು ಡೆವ್_ಡಿಬಿಜಿ ಹಾಕಿದರೂ ಇದು ಸರಿಹೋಗುವುದಿಲ್ಲ, ಇನ್ನಷ್ಟು ಆಳಕ್ಕೆ ಹುದುಗುತ್ತದೆ. ಡೈನಾಮಿಕ್ ಡೀಬಗ್ ಇಲ್ಲದ ಕರ್ನಲ್‌ನಲ್ಲಿ, ಡೀಬಗ್ ವ್ಯಾಖ್ಯೆಯೂ ಇಲ್ಲದಿದ್ದರೆ, ಡೆವ್_ಡಿಬಿಜಿ ಇಫ್(0)ರ ಹಿಂದಿನ ಪ್ರಿಂಟ್‌ಕೆ ಆಗುತ್ತದೆ. ಕಂಪೈಲರ್ ಫಾರ್ಮ್ಯಾಟನ್ನು ಪರೀಕ್ಷಿಸುತ್ತದೆ, ಕೋಡನ್ನು ಎಸೆಯುತ್ತದೆ, ಆರ್ಗ್ಯುಮೆಂಟ್ ಓಡುವುದಿಲ್ಲ. ಡೈನಾಮಿಕ್ ಡೀಬಗ್ ಇರುವ ಕರ್ನಲ್‌ನಲ್ಲಿ ಆ ಸಾಲನ್ನು ಆನ್ ಮಾಡಿದಾಗ ಮಾತ್ರ ಓಡುತ್ತದೆ. ಅಂದರೆ ಕಾನ್ಫಿಗ್ ನೋಡಿ, ಯಾರು ಯಾವಾಗ ಯಾವ ಸಾಲು ಆನ್ ಮಾಡಿದರು ಎಂಬುದನ್ನೂ ನೋಡಿ ಚಿಪ್ ಬದುಕುತ್ತದೆ ಅಥವಾ ಸಾಯುತ್ತದೆ.

ರಿಪೇರಿ ಸರಳ. ಹ್ಯಾಂಡ್ಲರ್‌ನ ಮೊದಲಲ್ಲೇ ಸ್ಟೇಟಸನ್ನು ಯಾವ ಷರತ್ತೂ ಇಲ್ಲದೆ ಲೋಕಲ್ ವೇರಿಯಬಲ್‌ಗೆ ಓದಿ. ಬಂದ ಮೌಲ್ಯ ಋಣವಾಗಿದ್ದರೆ ಅದು ಐ2ಸಿ ದೋಷ, ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಹಳೆಯ ಸಾಲು ಋಣ ಮೌಲ್ಯವನ್ನೂ ಸ್ಟೇಟಸ್ ಎಂದೇ ಹೆಕ್ಸ್‌ನಲ್ಲಿ ಮುದ್ರಿಸುತ್ತಿತ್ತು. ಆಮೇಲೆ ಲಾಗ್ ಸಾಲಿಗೆ ಆ ವೇರಿಯಬಲನ್ನಷ್ಟೇ ಕೊಡಿ. 400 ಕಿಲೋಹರ್ಟ್ಸ್ ಬಸ್ಸಿನಲ್ಲಿ ಒಂದು ರಿಜಿಸ್ಟರ್ ರೀಡ್‌ಗೆ ನಾಲ್ಕು ಬೈಟ್, ಬೈಟಿಗೆ ಒಂಬತ್ತು ಬಿಟ್, ಒಟ್ಟು 36 ಬಿಟ್, ಸುಮಾರು 90 ಮೈಕ್ರೊಸೆಕೆಂಡ್. ಪ್ರತಿ ಇಂಟರಪ್ಟಿಗೂ ಇಷ್ಟು ಕೊಡುವುದು ದುಬಾರಿಯಲ್ಲ.

ಎಡ್ಜ್ ಬದಲು ಲೆವೆಲ್‌ಗೆ, ಅಂದರೆ ಗೆರೆ ಕೆಳಗಿರುವ ಸ್ಥಿತಿಗೇ ಕಟ್ಟಿದರೆ ಇಂಥ ಸಾವು ತಪ್ಪುತ್ತದಲ್ಲ ಎಂಬ ಸಲಹೆ ರಿವ್ಯೂನಲ್ಲಿ ಬಂದೇ ಬರುತ್ತದೆ. ಸ್ಟೇಟಸ್ ಓದದೆ ಲೆವೆಲ್‌ಗೆ ಹೋದರೆ ಹ್ಯಾಂಡ್ಲರ್ ಮುಗಿದ ಮರುಕ್ಷಣ ಮತ್ತೆ ಕರೆ ಬರುತ್ತದೆ, ಥ್ರೆಡ್ ಸಿಪಿಯು ತಿನ್ನುತ್ತಾ ಕೂರುತ್ತದೆ. ಹ್ಯಾಂಡ್ಲರ್ ಪ್ರತಿ ಸಲ ನಾನೇ ನಿಭಾಯಿಸಿದೆ ಎಂದು ಹೇಳುವುದರಿಂದ ಕರ್ನಲ್‌ನ ಅನಾಥ ಇಂಟರಪ್ಟ್ ಪತ್ತೆಯೂ ಎಚ್ಚರಗೊಳ್ಳುವುದಿಲ್ಲ. ಮೊದಲು ಸ್ಟೇಟಸ್ ಓದುವ ಪ್ಯಾಚ್. ಟ್ರಿಗರ್ ಬಗೆಯನ್ನು ಡ್ರೈವರ್‌ನಿಂದ ಹಾರ್ಡ್‌ವೇರ್ ವಿವರ ಇರುವ ಡಿವೈಸ್ ಟ್ರೀಗೆ ಸಾಗಿಸುವುದು ಒಳ್ಳೆಯದೇ, ಆದರೆ ಬೇರೆ ಪ್ಯಾಚ್‌ನಲ್ಲಿ.

ಇನ್ನೂ ಎಷ್ಟು ಅಡಗಿವೆ ಎಂದು ಹುಡುಕಬೇಕು. ಎಲ್ಲ ಡೀಬಗ್ ಕರೆಗಳ ಆರ್ಗ್ಯುಮೆಂಟುಗಳನ್ನು ಜರಡಿ ಹಿಡಿಯಿರಿ: ರೀಡ್ ಎಂಬ ಪದವಿರುವ ಕರೆ, ++ ಮತ್ತು --, ಅಟಾಮಿಕ್ ಹೆಚ್ಚಿಸಿ ಮೌಲ್ಯ ಕೊಡುವ ಕರೆ, ಒಂಟಿ = ಚಿಹ್ನೆ, ಲಾಕ್ ಹಿಡಿದಿದ್ದರೆ ಮಾತ್ರ ಮುಟ್ಟಬೇಕಾದ ಪಟ್ಟಿಯ ಸದಸ್ಯ. ಪದ ಹುಡುಕುವ ಗ್ರೆಪ್ ಒಂದೇ ಸಾಲು ನೋಡುತ್ತದೆ. ಆರ್ಗ್ಯುಮೆಂಟ್ ಎರಡನೇ ಸಾಲಿಗೆ ಇಳಿದಿದ್ದರೆ ಕೈ ತಪ್ಪುತ್ತದೆ. ಈ ಫೈಲಿನಲ್ಲಿ ಆ ರೀಡ್ ಮೂರನೇ ಸಾಲಿನಲ್ಲಿತ್ತು.

ಲಾಗ್ ಕೊಡುತ್ತಿದ್ದ ವಿಳಂಬ

ಉಳಿದದ್ದು ಮೂರನೇ ದೂರು. ಪ್ರೋಬ್‌ನಲ್ಲಿ ರೀಸೆಟ್ ಗೆರೆ ಎಳೆದು ಬಿಟ್ಟ ಮೇಲೆ ರೀಸೆಟ್ ಮುಗಿಯಿತು ಎಂಬ ಒಂದು ಡೀಬಗ್ ಸಾಲು, ಅದರ ಬೆನ್ನಿಗೇ ಚಿಪ್ ಐಡಿ ಓದುವ ಕರೆ. ಡೇಟಾಶೀಟ್ ರೀಸೆಟ್ ಬಿಟ್ಟ ಮೇಲೆ 5 ಮಿಲಿಸೆಕೆಂಡ್ ಕಾಯಲು ಹೇಳುತ್ತದೆ. ಕೋಡಿನಲ್ಲಿ ವಿಳಂಬವೇ ಇಲ್ಲ. ಹಾಗಿದ್ದೂ ಡೆವಲಪರ್ ಮೇಜಿನ ಮೇಲೆ ಓಡುತ್ತಿದ್ದುದು ಹೇಗೆ? ಲೆಕ್ಕ ಹಾಕಿ. 115200 ಬಾಡ್, ಎಂಟು ಡೇಟಾ ಬಿಟ್‌ಗೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ ಬೈಟಿಗೆ ಹತ್ತು ಬಿಟ್, ಸೆಕೆಂಡಿಗೆ 11,520 ಬೈಟ್. ಟೈಮ್‌ಸ್ಟಾಂಪ್ ಸೇರಿ 75 ಅಕ್ಷರದ ಸಾಲು ಹೊರಗೆ ಹೋಗಲು 6.5 ಮಿಲಿಸೆಕೆಂಡ್. ಪ್ರಿಂಟ್‌ಕೆ ಕರೆದವನೇ ಸಾಮಾನ್ಯವಾಗಿ ಕನ್ಸೋಲ್‌ಗೆ ತಳ್ಳುವ ಕೆಲಸವನ್ನೂ ಮಾಡುವುದರಿಂದ ಪ್ರೋಬ್ ಅಷ್ಟು ಹೊತ್ತು ಅಲ್ಲೇ ನಿಲ್ಲುತ್ತಿತ್ತು. ಚಿಪ್‌ಗೆ ಬೇಕಾದ ವಿರಾಮವನ್ನು ಲಾಗ್ ಸಾಲು ಕೊಡುತ್ತಿತ್ತು.

ಜಾಗ ಸಿಕ್ಕ ಮೇಲೆ ರಿಪೇರಿ ಒಂದೇ ಸಾಲು: ಎಫ್‌ಸ್ಲೀಪ್‌ಗೆ 5000 ಮೈಕ್ರೊಸೆಕೆಂಡ್, ಮೇಲೆ ಡೇಟಾಶೀಟಿನ ಯಾವ ಕೋಷ್ಟಕದ ಯಾವ ಮೌಲ್ಯ ಎಂದು ಹೇಳುವ ಕಮೆಂಟ್. ಇಷ್ಟು ಸಣ್ಣ ಕಾಯುವಿಕೆಗೆ ಎಂಸ್ಲೀಪ್ ಬಳಸಿದರೆ ಟೈಮರ್ ಟಿಕ್‌ಗೆ ತಕ್ಕಂತೆ 20 ಮಿಲಿಸೆಕೆಂಡ್ ವರೆಗೂ ಎಳೆಯಬಹುದು. ಎಫ್‌ಸ್ಲೀಪ್ ಸಮಯ ನೋಡಿ ತಕ್ಕ ಕರೆಯನ್ನು ತಾನೇ ಆರಿಸುತ್ತದೆ.

ಇಂಥ ಅಡಗಿದ ವಿಳಂಬ ಹಿಡಿಯುವ ಪರೀಕ್ಷೆಯನ್ನು ಪ್ರತಿ ಡ್ರೈವರ್‌ಗೂ ಮಾಡಬೇಕು. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ ಕಮಾಂಡಿಗೆ -ಎನ್ 1 ಕೊಟ್ಟು ಕನ್ಸೋಲನ್ನು ಮೌನವಾಗಿಸಿ. ಡಿವೈಸುಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಐ2ಸಿ ಡ್ರೈವರ್‌ನ ಅನ್‌ಬೈಂಡ್ ಫೈಲಿಗೆ ಡಿವೈಸ್ ಹೆಸರು ಬರೆಯಿರಿ, ಆಮೇಲೆ ಬೈಂಡ್ ಫೈಲಿಗೆ. ಅದನ್ನೇ ಲೂಪಿನಲ್ಲಿ ನೂರು ಸಲ ಓಡಿಸಿ. ಕನ್ಸೋಲ್ ಮಟ್ಟ 8 ಮಾಡಿ ಮತ್ತೆ ನೂರು ಸಲ. ಡೀಬಗ್ ಆನ್, ಡೀಬಗ್ ಆಫ್ ಎರಡರಲ್ಲೂ ಹೀಗೇ ಮಾಡಿದರೆ ನಾಲ್ಕು ಮನೆಯ ಒಂದು ಪಟ್ಟಿ ಸಿಗುತ್ತದೆ. ನಾಲ್ಕರಲ್ಲೂ ಫಲಿತಾಂಶ ಒಂದೇ ಇರಬೇಕು. ಮೌನವಿದ್ದಾಗ ಮಾತ್ರ ಸೋಲುವ ಡ್ರೈವರ್ ಸೀರಿಯಲ್ ಪೋರ್ಟ್ ನಂಬಿ ಬದುಕುತ್ತಿದೆ.

ಬಿಸಿ ಹಾದಿಯ ಗದ್ದಲ

ಅದೇ ಲೆಕ್ಕವನ್ನು ಬಿಸಿ ಹಾದಿಗೆ, ಅಂದರೆ ಪದೇಪದೇ ಓಡುವ ಇಂಟರಪ್ಟ್ ಹಾದಿಗೆ ಹಚ್ಚಿ ನೋಡಿ. ಚಿಪ್ ಸೆಕೆಂಡಿಗೆ 100 ಸಲ ವರದಿ ಮಾಡುತ್ತದೆ. ಪ್ರತಿ ವರದಿಗೆ ಐದು ಸಾಲು, ಸಾಲಿಗೆ ಸುಮಾರು 100 ಅಕ್ಷರ ಎಂದರೆ ಸೆಕೆಂಡಿಗೆ 50,000 ಬೈಟ್. ಹಿಡಿಸುವುದು 11,520. ಉಳಿದದ್ದು ಬಫರಿನಲ್ಲಿ ಸಾಲುಗಟ್ಟಿ ನಿಲ್ಲುತ್ತದೆ, ಟಚ್ ಥ್ರೆಡ್ ತನ್ನ ಸಾಲಿನ ಜೊತೆ ಬೇರೆಯವರ ಸಾಲುಗಳನ್ನೂ ಹೊರಹಾಕುತ್ತಾ ಕೂರಬೇಕಾಗುತ್ತದೆ. ಲಾಗ್_ಬಫ್_ಶಿಫ್ಟ್ 17 ಇದ್ದರೆ ಬಫರ್ 128 ಕಿಲೋಬೈಟ್. ಕನ್ಸೋಲ್ ಮೌನವಾಗಿದ್ದರೂ ಈ ದರದಲ್ಲಿ ಮೂರು ಸೆಕೆಂಡಿನೊಳಗೆ ಬೂಟ್ ಸಮಯದ ಲಾಗ್ ಪೂರ್ತಿ ಅಳಿಸಿಹೋಗುತ್ತದೆ. ಬೇರೆ ಯಾರದೋ ಯುಎಸ್‌ಬಿ ದೋಷ ಹುಡುಕಲು ಬೇಕಾಗಿದ್ದ ಸಾಲುಗಳೂ ಅದರ ಜೊತೆ ಹೋಗುತ್ತವೆ. ಬಫರ್ ಎಲ್ಲರದು.

ಹಳೆಯ ಪ್ರಿಂಟ್‌ಕೆಗಳಲ್ಲಿ ಮಟ್ಟವನ್ನೇ ಬರೆದಿರಲಿಲ್ಲ. ಮಟ್ಟ ಬರೆಯದ ಸಾಲಿಗೆ ಕರ್ನಲ್ ಕೊಡುವ ಡೀಫಾಲ್ಟ್ 4, ಅಂದರೆ ವಾರ್ನಿಂಗ್. ಸಾಮಾನ್ಯ ಕನ್ಸೋಲ್ ಮಟ್ಟ 7. ಅದಕ್ಕಿಂತ ಕಡಿಮೆ ಸಂಖ್ಯೆಯ ಸಾಲೆಲ್ಲ ಪರದೆಗೆ ಬರುತ್ತದೆ. ಡೀಬಗ್ ಎಂದುಕೊಂಡು ಬರೆದ ಸಾಲು ವಾರ್ನಿಂಗ್ ಆಗಿ ಮೆರೆಯುತ್ತಿತ್ತು.

ಬಿಸಿ ಹಾದಿಯಲ್ಲಿ ಇದ್ದ ಸಾಲುಗಳಲ್ಲಿ ಮೊದಲು ಹೋಗಬೇಕಾದವು ಫಂಕ್ಷನ್ ಒಳಗೆ ಬಂದೆ, ಹೊರಗೆ ಹೋದೆ ಎನ್ನುವವು. ಕರ್ನಲ್‌ನಲ್ಲೇ ಇರುವ ಎಫ್‌ಟ್ರೇಸ್‌ನ ಫಂಕ್ಷನ್ ಟ್ರೇಸರ್ ಅದನ್ನು ಒಂದು ಸಾಲು ಕೋಡ್ ಇಲ್ಲದೆ ಮಾಡಿಕೊಡುತ್ತದೆ: ಟ್ರೇಸಿಂಗ್ ಡೈರೆಕ್ಟರಿಯಲ್ಲಿ ಸೆಟ್_ಎಫ್‌ಟ್ರೇಸ್_ಫಿಲ್ಟರ್‌ಗೆ ಟಿಎಸ್_* ಎಂದು ಬರೆದು ಟ್ರೇಸರ್ ಆನ್ ಮಾಡಿ. ಚೆಕ್‌ಪ್ಯಾಚ್ ಕೂಡ ಇಂಥ ಸಾಲು ಕಂಡರೆ ಎಫ್‌ಟ್ರೇಸ್ ಬಳಸಿ ಎನ್ನುತ್ತದೆ. ಸಮಯಕ್ಕೆ ಸಂಬಂಧಪಟ್ಟ ದೋಷ ಹುಡುಕುವಾಗ ತಾತ್ಕಾಲಿಕವಾಗಿ ಟ್ರೇಸ್_ಪ್ರಿಂಟ್‌ಕೆ ಹಾಕಿಕೊಳ್ಳಿ. ಅದು ಕನ್ಸೋಲ್ ಕಡೆ ತಲೆ ಹಾಕದೆ ಟ್ರೇಸ್ ಬಫರಿಗೆ ಬರೆಯುತ್ತದೆ. ಅದನ್ನು ಕಮಿಟ್ ಮಾಡಬೇಡಿ. ಒಂದೇ ಒಂದು ಉಳಿದರೂ ಕರ್ನಲ್ ಬೂಟ್‌ನಲ್ಲಿ ದೊಡ್ಡ ಚೌಕಟ್ಟು ಬರೆದು ಇದು ಡೀಬಗ್ ಕರ್ನಲ್ ಎಂದು ಸಾರುತ್ತದೆ. ಕಚ್ಚಾ ಬೈಟ್‌ಗಳನ್ನು ಫಾರ್-ಲೂಪಿನಲ್ಲಿ ಒಂದೊಂದಾಗಿ ಮುದ್ರಿಸುವ ತುಣುಕು ಕೂಡ ಇತ್ತು. 64 ಬೈಟ್ ಒಳಗಾದರೆ %*ಪಿಎಚ್ ಒಂದೇ ಸಾಲಿನಲ್ಲಿ ಮುಗಿಸುತ್ತದೆ, ಹೆಚ್ಚಿದ್ದರೆ ಪ್ರಿಂಟ್_ಹೆಕ್ಸ್_ಡಂಪ್_ಡೀಬಗ್ ಇದೆ.

ಸ್ಪರ್ಶದ ಎಕ್ಸ್, ವೈ ಬಿಂದುಗಳನ್ನು ಮುದ್ರಿಸುವ ಸಾಲನ್ನು ಡೀಬಗ್ ಮಟ್ಟದಲ್ಲೂ ಉಳಿಸಬಾರದು. ಲಾಕ್ ಪರದೆಯ ಮೇಲೆ ಬೆರಳು ಬಿದ್ದ ಜಾಗಗಳ ಪಟ್ಟಿಯೆಂದರೆ ಬಳಕೆದಾರರ ಪಿನ್ ಸಂಖ್ಯೆಯೇ. ಡಿಮೆಸೇಜ್ ಬಗ್ ರಿಪೋರ್ಟ್‌ಗೆ ಅಂಟಿಕೊಂಡು ಎಲ್ಲೆಲ್ಲಿಗೋ ಹೋಗುತ್ತದೆ. ಬಿಂದುಗಳು ಬೇಕಾದ ಡೆವಲಪರ್‌ಗೆ ಇನ್‌ಪುಟ್ ಘಟನೆಗಳನ್ನು ತೋರಿಸುವ ಈವ್‌ಟೆಸ್ಟ್ ಇದೆ. ಉಳಿದದ್ದರಲ್ಲಿ ರಾಜಿಗೆ ಜಾಗವಿದೆ, ಇದರಲ್ಲಿ ಇಲ್ಲ.

ಉಳಿಯುವ ಸಾಲುಗಳು

ಉಳಿಯುವ ಪ್ರತಿ ಸಾಲಿಗೂ ಒಂದು ಪ್ರಶ್ನೆ: ಇದನ್ನು ಕಂಡವರು ಏನು ಮಾಡಬೇಕು? ಮಾಡಲು ಏನಾದರೂ ಇದ್ದರೆ ಡೆವ್_ಎರ್ ಅಥವಾ ಡೆವ್_ವಾರ್ನ್. ಏನೂ ಇಲ್ಲದಿದ್ದರೆ ಡೆವ್_ಡಿಬಿಜಿ, ಇಲ್ಲವೇ ಕಸದ ಬುಟ್ಟಿ. ಪ್ರೋಬ್ ಯಶಸ್ವಿ ಎಂಬ ಇನ್ಫೋ ಸಾಲು ಹೋಗಲಿ. ಡ್ರೈವರ್ ಸರಿಯಾಗಿ ನಡೆಯುತ್ತಿರುವಾಗ ಸುಮ್ಮನಿರಬೇಕು. ಡಿವೈಸ್ ಬಂದಿದೆಯೋ ಇಲ್ಲವೋ ಸಿಸ್‌ಎಫ್‌ಎಸ್ ಹೇಳುತ್ತದೆ.

ಮೆಮೊರಿ ಸಿಗಲಿಲ್ಲ ಎಂಬ ಸಾಲುಗಳನ್ನು ಅಳಿಸಿ. ಕೆಮ್ಯಾಲಾಕ್ ಸೋತಾಗ ಕರ್ನಲ್ ಸ್ಟ್ಯಾಕ್ ಸಮೇತ ತಾನೇ ಕೂಗುತ್ತದೆ. ರೆಗ್ಯುಲೇಟರ್ (ವಿದ್ಯುತ್ ಪೂರೈಕೆ), ಜಿಪಿಐಒ ಕೇಳುವ ಕಡೆ ಡೆವ್_ಎರ್ ಬದಲು ಡೆವ್_ಎರ್_ಪ್ರೋಬ್ ಹಾಕಿ. ಬೇಕಾದ ರೆಗ್ಯುಲೇಟರ್ ಇನ್ನೂ ತಯಾರಾಗಿಲ್ಲದಿದ್ದರೆ ಪ್ರೋಬ್ -517 (ಆಮೇಲೆ ಮತ್ತೆ ಯತ್ನಿಸಿ ಎಂಬ ಸೂಚನೆ) ಕೊಟ್ಟು ಮತ್ತೆ ಬರುವುದು ಸಹಜ ನಡೆ. ಹಳೆಯ ಕೋಡ್ ಅದನ್ನು ಪ್ರತಿ ಸಲವೂ ದೋಷ ಎಂದು ಬೊಬ್ಬೆ ಹೊಡೆಯುತ್ತಿತ್ತು. ಡೆವ್_ಎರ್_ಪ್ರೋಬ್ ಅದನ್ನು ಡೀಬಗ್ ಮಟ್ಟಕ್ಕೆ ಇಳಿಸಿ, ಕಾರಣವನ್ನು ಡೀಬಗ್‌ಎಫ್‌ಎಸ್‌ನ ಡಿವೈಸಸ್_ಡಿಫರ್ಡ್ ಫೈಲಿನಲ್ಲಿ ಬರೆದಿಡುತ್ತದೆ. ನಿಜವಾದ ದೋಷವಾದರೆ ಸಂಖ್ಯೆಯ ಜಾಗದಲ್ಲಿ ಹೆಸರನ್ನೇ ಮುದ್ರಿಸುತ್ತದೆ, ಅದೇ ದೋಷವನ್ನು ಹಿಂದಿರುಗಿಸುತ್ತದೆ ಕೂಡ. ನಾಲ್ಕು ಸಾಲಿನ ತುಣುಕು ಒಂದು ರಿಟರ್ನ್ ಆಗುತ್ತದೆ. ಬೇರೆ ಕಡೆ ದೋಷದ ಹೆಸರು ಬೇಕಿದ್ದರೆ %ಪಿಇ, ಆರ್ಗ್ಯುಮೆಂಟನ್ನು ಎರ್_ಪಿಟಿಆರ್‌ನಲ್ಲಿ ಸುತ್ತಿ.

ಇಂಟರಪ್ಟ್ ಥ್ರೆಡ್ಡಿನ ಐ2ಸಿ ದೋಷಕ್ಕೆ ಡೆವ್_ಎರ್_ರೇಟ್‌ಲಿಮಿಟೆಡ್. ಪ್ಯಾನೆಲ್ ಕೇಬಲ್ ಸಡಿಲವಾದರೆ ಇದಿಲ್ಲದೆ ಲಾಗ್ ತುಂಬಿ ಹರಿಯುತ್ತದೆ. ಡೀಫಾಲ್ಟ್ ಮಿತಿ 5 ಸೆಕೆಂಡಿಗೆ 10 ಸಾಲು, ನುಂಗಿದ ಸಾಲುಗಳ ಎಣಿಕೆಯನ್ನು ಅದೇ ಆಮೇಲೆ ಹೇಳುತ್ತದೆ.

ಸಾಲಿನ ಪಠ್ಯದಲ್ಲಿ ನೋಡಬೇಕಾದವು ಚಿಕ್ಕವು, ಆದರೆ ಕಾಡುವವು. ಕೊನೆಯ ನ್ಯೂಲೈನ್ ಮರೆತರೆ ಕರ್ನಲ್ ಆ ಸಾಲು ಮುಂದುವರಿಯಬಹುದೆಂದು ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಸಾಲು ಬಂದಾಗಲೇ ಅದು ಕಾಣುವುದು. ಸಿಸ್ಟಂ ನೇತುಬಿದ್ದ ಕ್ಷಣದ ಕಟ್ಟಕಡೆಯ ಸಾಲು ಬೇಕಾಗಿರುವಾಗಲೇ ಅದು ಬರುವುದಿಲ್ಲ. ಸ್ಟ್ರಿಂಗನ್ನು ಎರಡು ಸಾಲಿಗೆ ಒಡೆಯಬೇಡಿ, ಅಂಚು ಮೀರಿದರೂ ಸರಿ. ಲಾಗಿನಲ್ಲಿ ಕಂಡ ವಾಕ್ಯವನ್ನು ಗ್ರೆಪ್ ಮಾಡಿದವರಿಗೆ ಅದು ಸಿಗಬೇಕು. ಫಂಕ್ಷನ್ ಹೆಸರನ್ನು ಕೈಯಲ್ಲಿ ಬರೆಯಬೇಡಿ. ಈ ಫೈಲಿನಲ್ಲಿ ಸಸ್ಪೆಂಡ್ ಫಂಕ್ಷನ್ ರಿಸ್ಯೂಮ್ ಎಂದು ಹೇಳಿಕೊಳ್ಳುತ್ತಿತ್ತು, ನಕಲು ಅಂಟಿಸಿದ್ದರ ಫಲ. ಡೈನಾಮಿಕ್ ಡೀಬಗ್‌ಗೆ +ಪಿಎಫ್‌ಎಲ್ ಕೊಟ್ಟರೆ ಫಂಕ್ಷನ್ ಹೆಸರು, ಸಾಲಿನ ಸಂಖ್ಯೆ ಎರಡೂ ತಾವಾಗಿ ಬರುತ್ತವೆ.

ಪಾಯಿಂಟರ್ ಮುದ್ರಿಸುವ %ಪಿ 4.15ರಿಂದ ಹ್ಯಾಶ್ ಮಾಡಿದ ಮೌಲ್ಯ ತೋರಿಸುತ್ತದೆ. ವಿಳಾಸ ಸರಿಯಾಗಿ ಬರುತ್ತಿಲ್ಲ ಎಂದು ಯಾರೋ ಅದನ್ನು %ಪಿಎಕ್ಸ್ ಮಾಡಿದ್ದರು. ಅದು ಕರ್ನಲ್‌ನ ನಿಜ ವಿಳಾಸವನ್ನು ಬೀದಿಗೆ ಎಸೆದಂತೆ, ಹಿಂದಕ್ಕೆ ತಿರುಗಿಸಿ. ನಿಜ ವಿಳಾಸ ಬೇಕೇ ಬೇಕೆಂದರೆ ಮೇಜಿನ ಮೇಲಿನ ಬೋರ್ಡಿನಲ್ಲಿ ನೋ_ಹ್ಯಾಶ್_ಪಾಯಿಂಟರ್ಸ್ ಕೊಟ್ಟು ಬೂಟ್ ಮಾಡಿ. ಸೈಜ್_ಟಿಗೆ %ಝಡ್‌ಯು, ಡಿಎಂಎ ವಿಳಾಸಕ್ಕೆ %ಪಿಎಡಿ, ಅದಕ್ಕೆ ಕೊಡಬೇಕಾದ್ದು ಮೌಲ್ಯವಲ್ಲ, ವೇರಿಯಬಲಿನ ವಿಳಾಸ.

ಕೊನೆಗೆ ಶೈಲಿ

ಈಗ ಚೆಕ್‌ಪ್ಯಾಚ್ ಪಟ್ಟಿ. ಎಂಟರ ಟ್ಯಾಬ್, ಬ್ರೇಸ್ ಜಾಗ, ಸಾಲಿನ ಕೊನೆಯ ಸ್ಪೇಸ್, ಇಫ್‌ನ ಒಂದು ಕೊಂಬೆಗೆ ಬ್ರೇಸ್ ಇದ್ದರೆ ಇನ್ನೊಂದಕ್ಕೂ. ಗೋಟು ಲೇಬಲ್‌ಗಳಿಗೆ ಎರ್1, ಎರ್2 ಬದಲು ಮಾಡುವ ಕೆಲಸದ ಹೆಸರು. ಹಾಗೆ ಬದಲಿಸುತ್ತಾ ಹೋದಾಗ ರೆಗ್ಯುಲೇಟರ್ ಆಫ್ ಮಾಡದ ಒಂದು ಹಾದಿ ಸಿಕ್ಕಿತು, ಅದು ತಿದ್ದುಪಡಿಗಳ ಸಾಲಿಗೆ ಹೋಯಿತು. ಇಫ್ 0 ಎಂದು ಮುಚ್ಚಿಟ್ಟ ಹಳೆಯ ಡೀಬಗ್ ತುಣುಕುಗಳನ್ನು ಅಳಿಸಿ. ಕಂಪೈಲರ್ ನೋಡದ ಕೋಡ್ ಕೊಳೆಯುತ್ತದೆ. ಈ ಫೈಲಿನ ಅಂಥ ಒಂದು ತುಣುಕು ಈಗ ಇಲ್ಲದ ಸ್ಟ್ರಕ್ಚರ್ ಸದಸ್ಯನನ್ನು ಕರೆಯುತ್ತಿತ್ತು.

ಸಾಲಿನ ಉದ್ದಕ್ಕೆ ಜಗಳ ಬೇಡ. 2020ರಿಂದ ಚೆಕ್‌ಪ್ಯಾಚ್ 100ರ ಮೇಲೆ ಮಾತ್ರ ಎಚ್ಚರಿಸುತ್ತದೆ, ದಾಖಲೆ ಇಂದಿಗೂ 80ನ್ನೇ ಮೆಚ್ಚುತ್ತದೆ. ಚೆಕ್‌ಪ್ಯಾಚ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಯುಡಿಲೇ ಬದಲು ಯುಸ್ಲೀಪ್_ರೇಂಜ್ ಹಾಕಿ ಎಂದು ಅದು ಹೇಳಿದ ಜಾಗ ನಿದ್ರೆ ಸಲ್ಲದ ಸ್ಪಿನ್‌ಲಾಕ್ ಒಳಗಿತ್ತು. ಕೇಳಿದ್ದರೆ ಶೈಲಿಯ ಪ್ಯಾಚ್‌ನಿಂದ ಅಟಾಮಿಕ್ ಜಾಗದಲ್ಲಿ ನಿದ್ರೆ ಹೋಗುವ ಬಗ್ ಹುಟ್ಟುತ್ತಿತ್ತು. ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿ ಎಂದದ್ದು ಇದಕ್ಕೇ.

ಶೈಲಿಯ ಪ್ಯಾಚ್ ಶೈಲಿಯದ್ದೇ ಎಂದು ಸಾಬೀತು ಮಾಡಬೇಕು. ಬರೀ ಇಂಡೆಂಟ್ ಬದಲಾದ ಪ್ಯಾಚ್‌ಗೆ ಗಿಟ್ ಡಿಫ್ -ಡಬ್ಲ್ಯೂ ಖಾಲಿ ಬರಬೇಕು. ಉಳಿದವಕ್ಕೆ ಮುಂಚಿನ ಮತ್ತು ನಂತರದ ಆಬ್ಜೆಕ್ಟ್ ಫೈಲುಗಳನ್ನು ಆಬ್ಜ್‌ಡಂಪ್ -ಡಿ ಕೊಟ್ಟು ಬಿಚ್ಚಿ ಹೋಲಿಸಿ. ಕರ್ನಲ್ ಮರದ ಸ್ಕ್ರಿಪ್ಟ್ಸ್‌ನಲ್ಲಿ ಆಬ್ಜ್‌ಡಿಫ್ ಎಂಬ ಸಹಾಯಕವೂ ಇದೆ. ಫೈಲನ್ನು ಇಡಿಯಾಗಿ ಹೋಲಿಸಿದರೆ ವ್ಯತ್ಯಾಸ ಬಂದೇ ಬರುತ್ತದೆ, ಏಕೆಂದರೆ ಡೈನಾಮಿಕ್ ಡೀಬಗ್ ಪ್ರತಿ ಕರೆಯ ಸಾಲಿನ ಸಂಖ್ಯೆಯನ್ನು ತನ್ನ ಪ್ರತ್ಯೇಕ ಸೆಕ್ಷನ್ನಿನಲ್ಲಿ ಇಟ್ಟಿರುತ್ತದೆ. ಕೋಡ್ ಇರುವ ಟೆಕ್ಸ್ಟ್ ಸೆಕ್ಷನ್ ಮಾತ್ರ ನೋಡಿ. ಈ ಹೋಲಿಕೆಯ ಬಿಲ್ಡ್‌ನಲ್ಲಿ ಡೀಬಗ್_ಅಟಾಮಿಕ್_ಸ್ಲೀಪ್ ಆಫ್ ಇರಲಿ, ಅದು ಸಾಲಿನ ಸಂಖ್ಯೆಗಳನ್ನು ಕೋಡಿಗೇ ಸೇರಿಸುತ್ತದೆ.

ಪ್ಯಾಚ್‌ಗಳ ಕ್ರಮ ಕೆಲಸ ಮಾಡಿದ ಕ್ರಮವಲ್ಲ. ಮೊದಲಿಗೆ ತಿದ್ದುಪಡಿಗಳು: ಸ್ಟೇಟಸ್ ರೀಡ್, ರೀಸೆಟ್ ವಿಳಂಬ, ಮ್ಯಾಕ್ರೊಗೆ ಡು-ವೈಲ್, ರೆಗ್ಯುಲೇಟರ್ ಸೋರಿಕೆ. ಪ್ರತಿಯೊಂದಕ್ಕೂ ತಪ್ಪು ತಂದ ಕಮಿಟ್‌ನ 12 ಅಕ್ಷರದ ಹ್ಯಾಶ್ ಇರುವ ಫಿಕ್ಸಸ್ ಟ್ಯಾಗ್, ಹಳೆಯ ಶಾಖೆಗಳಿಗೆ ಇವಿಷ್ಟೇ ಹೋಗಬೇಕು. ಅವುಗಳ ಮೇಲೆ ಡೆವ್_ಡಿಬಿಜಿ ಪರಿವರ್ತನೆ, ಆಮೇಲೆ ಸಾಲುಗಳ ಅಳಿಸುವಿಕೆ, ಕಟ್ಟಕಡೆಗೆ ಶೈಲಿ. ಶೈಲಿಯನ್ನು ಮೊದಲು ಹಾಕಿದರೆ ತಿದ್ದುಪಡಿಗಳು ಹಳೆಯ ಶಾಖೆಯಲ್ಲಿ ಒಂದೂ ಅಂಟುವುದಿಲ್ಲ.

ಮೇಕ್‌ಫೈಲಿನ -ಡಿಡೀಬಗ್ ಪರಿವರ್ತನೆಯ ಪ್ಯಾಚ್‌ನಲ್ಲೇ ಹೋಗಲಿ. ಅದು ಉಳಿದರೆ ಡೈನಾಮಿಕ್ ಡೀಬಗ್ ಇದ್ದ ಕರ್ನಲ್‌ನಲ್ಲೂ ಎಲ್ಲ ಡೆವ್_ಡಿಬಿಜಿ ಸಾಲುಗಳು ಹುಟ್ಟುವಾಗಲೇ ಆನ್ ಆಗಿರುತ್ತವೆ. ಟಿಎಸ್_ಡೀಬಗ್ ಪ್ಯಾರಾಮೀಟರ್ ನಂಬಿದ್ದ ಫೀಲ್ಡ್ ಸ್ಕ್ರಿಪ್ಟುಗಳಿಗೆ ಬದಲಿಯನ್ನು ಕಮಿಟ್ ಸಂದೇಶದಲ್ಲೇ ಬರೆಯಿರಿ: ಓಡುತ್ತಿರುವ ಸಿಸ್ಟಂನಲ್ಲಿ ಪ್ರೋಕ್‌ನ ಡೈನಾಮಿಕ್_ಡೀಬಗ್ ಒಳಗಿನ ಕಂಟ್ರೋಲ್ ಫೈಲಿಗೆ ಮಾಡ್ಯೂಲ್ ಹೆಸರು ಮತ್ತು +ಪಿ; ಪ್ರೋಬ್ ಹಂತದ ದೋಷವಾದರೆ ಆ ಫೈಲ್ ತೆರೆಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ, ಆಗ ಕರ್ನಲ್ ಕಮಾಂಡ್ ಲೈನಿನಲ್ಲಿ ಮಾಡ್ಯೂಲ್ ಹೆಸರು, ಚುಕ್ಕಿ, ಡಿವೈಎನ್‌ಡಿಬಿಜಿ=+ಪಿ.